ವಿದ್ಯುತ್ ಕಾರು: ಪೆಟ್ರೋಲ್ ತೆರಿಗೆಗೆ ಬದಲಿ ಯಾವುದು?

ಪೆಟ್ರೋಲ್ ಕಾರಿನ ಸ್ಥಾನವನ್ನು ವಿದ್ಯುತ್ ಕಾರು ತುಂಬಬಲ್ಲದೇ ಎಂಬ ಪ್ರಶ್ನೆಗೆ ತಂತ್ರಜ್ಞಾನವು ಬಹುಮಟ್ಟಿಗೆ ಉತ್ತರ ನೀಡಿದೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಪ್ರತಿ ಹತ್ತು ಹೊಸ ಕಾರುಗಳ ಪೈಕಿ ಸುಮಾರು ಒಂಬತ್ತು ಬ್ಯಾಟರಿ ಕಾರುಗಳು. ಚೀನಾದಲ್ಲಿ ಅದೇ ವರ್ಷ, ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ ಸೇರಿಸಿದರೆ, ಈ ಪ್ರಮಾಣ ಅರ್ಧದ ಹತ್ತಿರ ಬಂದಿತ್ತು. ಭಾರತದಲ್ಲಿ ಅದು ಶೇ 2.5ರ ಆಸುಪಾಸಿನಲ್ಲಿತ್ತು. ನಮ್ಮ ಪಯಣ ತಡವಾಗಿ ಆರಂಭವಾಗಿದ್ದರೂ ದಿಕ್ಕು ನಿಶ್ಚಿತವಾಗಿದೆ. ಉಳಿದಿರುವ ಪ್ರಶ್ನೆ ಈ ಬದಲಾವಣೆಯ ವೆಚ್ಚವನ್ನು ಯಾರು ಭರಿಸಬೇಕು ಎಂಬುದು. ಅದರ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದದ್ದು ಬಹಳ ಕಡಿಮೆ.

ಈ ವಿಷಯದಲ್ಲಿ ಬೆಂಗಳೂರಿಗೆ ತನ್ನದೇ ಆದ ಇತಿಹಾಸವಿದೆ. ಇಲ್ಲಿ ರೂಪುಗೊಂಡ ಪುಟ್ಟ ‘ರೇವಾ’ ಕಾರು 2001ರಲ್ಲಿ ಮಾರುಕಟ್ಟೆಗೆ ಬಂದಾಗ, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿ.ಮೀ. ಓಡುತ್ತಿತ್ತು. ಸ್ವದೇಶದಲ್ಲಿ ಅದಕ್ಕೆ ಗಿರಾಕಿಗಳು ಹೆಚ್ಚು ಸಿಗಲಿಲ್ಲ. ಆದರೆ ‘ಜಿ-ವಿಜ್’ ಎಂಬ ಹೆಸರಿನಲ್ಲಿ ಲಂಡನ್ನಿನ ಬೀದಿಗಳಲ್ಲಿ ಅದು ಪರಿಚಿತ ವಾಹನವಾಯಿತು. ಕಾರಣ ಸರಳ: 2003ರಲ್ಲಿ ಅಲ್ಲಿ ಜಾರಿಗೆ ಬಂದ ದಟ್ಟಣೆ ಶುಲ್ಕದಿಂದ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. ಅದೇ ಲಂಡನ್ 2025ರ ಡಿಸೆಂಬರ್‌ನಲ್ಲಿ ಆ ಪೂರ್ಣ ವಿನಾಯಿತಿಯನ್ನು ಕೊನೆಗೊಳಿಸಿತು. ವಿದ್ಯುತ್ ಕಾರೇ ಸಾಮಾನ್ಯವಾದ ಮೇಲೆ, ಹೊಗೆ ಇಲ್ಲದಿದ್ದರೂ ದಟ್ಟಣೆ ಉಳಿಯುತ್ತದೆ ಎಂಬ ಸತ್ಯ ಆ ನಗರಕ್ಕೆ ಮನವರಿಕೆಯಾಯಿತು.

ವಿದ್ಯುತ್ ಕಾರಿನ ವಿರುದ್ಧ ಸಾಮಾನ್ಯವಾಗಿ ಎತ್ತುವ ಆಕ್ಷೇಪಗಳಲ್ಲಿ ಹುರುಳಿಲ್ಲವೆಂದಲ್ಲ. ದೇಶದ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದೆ. ಆದರೆ ಪೆಟ್ರೋಲ್ ಎಂಜಿನ್ ತನ್ನ ಇಂಧನದ ಶಕ್ತಿಯಲ್ಲಿ ಹೆಚ್ಚಿನ ಭಾಗವನ್ನು ಶಾಖವಾಗಿ ಕಳೆದುಕೊಳ್ಳುತ್ತದೆ; ವಿದ್ಯುತ್ ಮೋಟಾರು ಹಾಗಲ್ಲ. ಪಾವಗಡದ ಸೌರ ಸ್ಥಾವರ, ಶರಾವತಿಯ ಜಲವಿದ್ಯುತ್ ಇರುವ ಕರ್ನಾಟಕದಂಥ ರಾಜ್ಯದಲ್ಲಿ ಈ ಆಕ್ಷೇಪ ಇನ್ನಷ್ಟು ದುರ್ಬಲ. ಬ್ಯಾಟರಿಯ ಖನಿಜಗಳ ಸಂಸ್ಕರಣೆ ಬಹುಪಾಲು ಚೀನಾದ ಹಿಡಿತದಲ್ಲಿರುವುದು ನಿಜವಾದ ಚಿಂತೆ. ಆದರೆ ಕಚ್ಚಾ ತೈಲದ ಶೇ 85ಕ್ಕೂ ಹೆಚ್ಚು ಭಾಗವನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಪರಾವಲಂಬನೆ ಹೊಸದೇನಲ್ಲ. ಅಲ್ಲದೆ ತೈಲವನ್ನು ದಿನದಿನವೂ ಕೊಳ್ಳಬೇಕು, ಬ್ಯಾಟರಿಯನ್ನು ಹಲವು ವರ್ಷಗಳಿಗೊಮ್ಮೆ ಕೊಂಡರೆ ಸಾಕು.

ನಿಜವಾದ ತೊಡಕು ಸರ್ಕಾರದ ಬೊಕ್ಕಸದಲ್ಲಿದೆ. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿ ವ್ಯಾಪ್ತಿಯ ಹೊರಗಿವೆ. 2017ರ ನಂತರ ರಾಜ್ಯಗಳು ತಾವೇ ದರ ನಿಗದಿ ಮಾಡಬಹುದಾದ ಕೆಲವೇ ತೆರಿಗೆಗಳಲ್ಲಿ ಇವುಗಳ ಮಾರಾಟ ತೆರಿಗೆ ಪ್ರಮುಖವಾದುದು. ಹಣ ಬೇಕಾದಾಗ ರಾಜ್ಯಗಳ ಕೈ ಮೊದಲು ಹೋಗುವುದು ಇಲ್ಲಿಗೇ. ಕರ್ನಾಟಕ 2024ರ ಜೂನ್‌ನಲ್ಲಿ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದ್ದು ಇದಕ್ಕೊಂದು ನಿದರ್ಶನ.

ಒಂದು ಸ್ಥೂಲ ಲೆಕ್ಕ ನೋಡೋಣ. ತಿಂಗಳಿಗೆ ಸಾವಿರ ಕಿ.ಮೀ. ಓಡುವ, ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ ಸುಮಾರು 67 ಲೀಟರ್ ಪೆಟ್ರೋಲ್ ಬೇಕು. 2025ರ ದರಗಳಲ್ಲಿ ಬೆಂಗಳೂರಿನಲ್ಲಿ ಪ್ರತಿ ಲೀಟರಿನ ಬೆಲೆಯಲ್ಲಿ ಕೇಂದ್ರ ಮತ್ತು ರಾಜ್ಯಗಳ ತೆರಿಗೆ ಸೇರಿ 40 ರೂಪಾಯಿಗೂ ಹೆಚ್ಚಿತ್ತು. ಅಂದರೆ ಆ ಕಾರಿನ ಮಾಲೀಕ ತಿಂಗಳಿಗೆ ಎರಡೂವರೆ ಸಾವಿರ ರೂಪಾಯಿಗೂ ಮೀರಿ ತೆರಿಗೆ ಕಟ್ಟುತ್ತಾನೆ. ಅಷ್ಟೇ ದೂರ ಓಡುವ ವಿದ್ಯುತ್ ಕಾರಿಗೆ ಸುಮಾರು 140 ಯೂನಿಟ್ ವಿದ್ಯುತ್ ಸಾಕು. ಅದರ ಮೇಲಿನ ತೆರಿಗೆ ನೂರು ರೂಪಾಯಿಯ ಆಜುಬಾಜು. ಎರಡೂ ಕಾರುಗಳು ಬಳಸುವುದು ಒಂದೇ ರಸ್ತೆಯನ್ನು, ಒಂದೇ ಮೇಲ್ಸೇತುವೆಯನ್ನು.

ಕಾರುಗಳ ಸಂಖ್ಯೆ ಅಲ್ಪವಾಗಿರುವವರೆಗೆ ಇದನ್ನು ಪ್ರೋತ್ಸಾಹಧನವೆಂದು ಸಮರ್ಥಿಸಬಹುದು. ಸಂಖ್ಯೆ ಬೆಳೆದಂತೆ ಅನ್ಯಾಯದ ಮುಖ ಕಾಣಿಸುತ್ತದೆ. ವಿದ್ಯುತ್ ಕಾರನ್ನು ಮೊದಲು ಕೊಳ್ಳುವವರು ಸ್ವಂತ ಮನೆ, ಅದರಲ್ಲಿ ಚಾರ್ಜಿಂಗ್‌ಗೆ ಜಾಗ ಉಳ್ಳವರು. ಹಳೆಯ ಮೋಟಾರ್ ಬೈಕಿನಲ್ಲಿ ಕೆಲಸಕ್ಕೆ ಹೋಗುವ ಗಾರೆಯವನು, ಮನೆಮನೆಗೆ ಸಾಮಾನು ತಲುಪಿಸುವ ಯುವಕ ಪೆಟ್ರೋಲ್ ಬಂಕಿನಲ್ಲೇ ಉಳಿಯುತ್ತಾರೆ. ಆದಾಯ ಕುಸಿದಾಗ ಸರ್ಕಾರ ಪೆಟ್ರೋಲಿನ ತೆರಿಗೆಯನ್ನೇ ಮತ್ತೆ ಏರಿಸಿದರೆ, ಉಳ್ಳವರು ಬಿಟ್ಟುಹೋದ ಹೊರೆಯನ್ನು ಇಲ್ಲದವರು ಹೊತ್ತಂತಾಗುತ್ತದೆ.

ಇತರ ದೇಶಗಳು ಈ ಇಕ್ಕಟ್ಟನ್ನು ಈಗಾಗಲೇ ಎದುರಿಸಿವೆ. ನಾರ್ವೆ 2023ರಿಂದ, ಐದು ಲಕ್ಷ ಕ್ರೋನರ್ ಮೀರಿದ ಬೆಲೆಯ ವಿದ್ಯುತ್ ಕಾರುಗಳಿಗೆ ಹೆಚ್ಚುವರಿ ಮೊತ್ತದ ಮೇಲೆ ಮೌಲ್ಯವರ್ಧಿತ ತೆರಿಗೆ ವಿಧಿಸಿತು. ಐಸ್‌ಲೆಂಡ್ ಮತ್ತು ನ್ಯೂಜಿಲೆಂಡ್ 2024ರಲ್ಲಿ, ಓಡಿದ ದೂರಕ್ಕೆ ತಕ್ಕಂತೆ ಶುಲ್ಕ ವಸೂಲು ಮಾಡಲಾರಂಭಿಸಿದವು. ಆಸ್ಟ್ರೇಲಿಯಾದ ವಿಕ್ಟೋರಿಯ ರಾಜ್ಯ 2021ರಲ್ಲಿ ಇಂಥದೇ ಶುಲ್ಕ ಹಾಕಿತ್ತಾದರೂ, ಅದು ಕೇಂದ್ರದ ಅಧಿಕಾರ ವ್ಯಾಪ್ತಿಗೆ ಸೇರಿದ್ದೆಂದು ಅಲ್ಲಿನ ಹೈಕೋರ್ಟ್ 2023ರಲ್ಲಿ ರದ್ದುಪಡಿಸಿತು.

ನಮ್ಮ ಸಂವಿಧಾನ ಈ ವಿಷಯದಲ್ಲಿ ರಾಜ್ಯಗಳಿಗೆ ಹೆಚ್ಚು ಅನುಕೂಲಕರವಾಗಿದೆ. ರಸ್ತೆಯಲ್ಲಿ ಬಳಸುವ ವಾಹನಗಳ ಮೇಲಿನ ತೆರಿಗೆ ಮತ್ತು ವಿದ್ಯುತ್ ಬಳಕೆಯ ಮೇಲಿನ ತೆರಿಗೆ ಎರಡೂ ರಾಜ್ಯ ಪಟ್ಟಿಯಲ್ಲಿವೆ. 2017ರಲ್ಲಿ ದೇಶದಲ್ಲೇ ಮೊದಲಿಗೆ ವಿದ್ಯುತ್ ವಾಹನ ನೀತಿ ಪ್ರಕಟಿಸಿದ ಕರ್ನಾಟಕ, 2024ರಲ್ಲಿ 25 ಲಕ್ಷ ರೂಪಾಯಿಗೂ ಹೆಚ್ಚಿನ ಬೆಲೆಯ ವಿದ್ಯುತ್ ಕಾರುಗಳಿಗೆ ಶೇ 10ರ ಜೀವಿತಾವಧಿ ತೆರಿಗೆ ವಿಧಿಸಿತು. ಹೆಜ್ಜೆ ಸರಿಯಾದುದೇ. ಆದರೆ ಜೀವಿತಾವಧಿ ತೆರಿಗೆಯನ್ನು ಕೊಳ್ಳುವಾಗ ಒಮ್ಮೆ ಕಟ್ಟಿದರೆ ಮುಗಿಯಿತು. ವರ್ಷಕ್ಕೆ ಮೂರು ಸಾವಿರ ಕಿ.ಮೀ. ಓಡಿಸುವವನೂ ಮೂವತ್ತು ಸಾವಿರ ಓಡಿಸುವವನೂ ಅಲ್ಲಿ ಸಮಾನರು. ಪೆಟ್ರೋಲ್ ತೆರಿಗೆಯಲ್ಲಿದ್ದ ನ್ಯಾಯವೆಂದರೆ ಬಳಸಿದಷ್ಟು ಕಟ್ಟುವುದು. ಆ ಗುಣವನ್ನು ಹೊಸ ವ್ಯವಸ್ಥೆಯಲ್ಲೂ ಉಳಿಸಿಕೊಳ್ಳಬೇಕು.

ಇದಕ್ಕೆ ಮೂರು ಕ್ರಮಗಳು ಅವಶ್ಯ. ಮೊದಲನೆಯದಾಗಿ, ವಿದ್ಯುತ್ ಕಾರಿಗೆ ಅದರ ತೂಕ ಮತ್ತು ಓಡಿದ ದೂರವನ್ನು ಆಧರಿಸಿದ ವಾರ್ಷಿಕ ರಸ್ತೆ ಶುಲ್ಕವನ್ನು ಈಗಲೇ ಘೋಷಿಸಿ, ಐದಾರು ವರ್ಷಗಳ ನಂತರ ಜಾರಿಗೆ ತರಬೇಕು. ವಿಮೆ ನವೀಕರಿಸುವಾಗ ಓಡೊಮೀಟರ್ ಅಂಕಿಯನ್ನು ದಾಖಲಿಸಿಕೊಂಡರೆ ಲೆಕ್ಕ ಸಿಗುತ್ತದೆ. ಎರಡನೆಯದಾಗಿ, ದ್ವಿಚಕ್ರ ವಾಹನ ಮತ್ತು ಆಟೊಗಳಿಗೆ ವಿನಾಯಿತಿಯನ್ನು ದೀರ್ಘಕಾಲ ಮುಂದುವರಿಸಬೇಕು. ದೇಶದಲ್ಲಿ 2024ರಲ್ಲಿ ನೋಂದಣಿಯಾದ ತ್ರಿಚಕ್ರ ವಾಹನಗಳಲ್ಲಿ ಅರ್ಧಕ್ಕೂ ಹೆಚ್ಚು ವಿದ್ಯುತ್ ಚಾಲಿತವೆಂಬುದು ಗಮನಾರ್ಹ. ಲಾಭ ಕಂಡಲ್ಲಿ ಬಡವನೂ ಬೇಗನೆ ಬದಲಾಗುತ್ತಾನೆ. ಮೂರನೆಯದಾಗಿ, ಕಾರುಗಳಿಂದ ಬಂದ ಶುಲ್ಕವನ್ನು ನಗರ ಸಾರಿಗೆಯ ವಿದ್ಯುತ್ ಬಸ್ಸುಗಳಿಗೆ ಮೀಸಲಿಡಬೇಕು. ಒಂದು ಬಸ್ಸು ಹತ್ತಾರು ಕಾರುಗಳ ಪ್ರಯಾಣಿಕರನ್ನು ಒಯ್ಯುತ್ತದೆ.

ಆಡಳಿತದಲ್ಲಿದ್ದವರೆಲ್ಲ ಬಲ್ಲ ಒಂದು ಸಂಗತಿಯಿದೆ: ಹೊಸ ತೆರಿಗೆ ಹಾಕುವುದಕ್ಕಿಂತ, ಒಮ್ಮೆ ಕೊಟ್ಟ ವಿನಾಯಿತಿಯನ್ನು ಹಿಂಪಡೆಯುವುದು ಕಷ್ಟ. ಪ್ರತಿ ನೂರರಲ್ಲಿ ಮೂರ್ನಾಲ್ಕು ಮಂದಿ ಪಡೆಯುವ ಸೌಲಭ್ಯವನ್ನು ತಿದ್ದಬಹುದು. ಮೂವತ್ತು ಮಂದಿ ಪಡೆಯಲಾರಂಭಿಸಿದ ಮೇಲೆ ಅದು ಹಕ್ಕಾಗಿ ಬೇರುಬಿಡುತ್ತದೆ, ಅದನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ. ವಿದ್ಯುತ್ ಕಾರು ಪೆಟ್ರೋಲ್ ಕಾರಿನ ಜಾಗಕ್ಕೆ ಬರಲಿ, ಸ್ವಾಗತವಿದೆ. ಆದರೆ ಅದು ತನ್ನ ರಸ್ತೆಯ ಖರ್ಚನ್ನು ತಾನೇ ಕಟ್ಟಿಕೊಂಡು ಬರುವಂತೆ ನೋಡಿಕೊಳ್ಳಲು ಇದೇ ತಕ್ಕ ಸಮಯ.