ಗೆದ್ದ ದುಡ್ಡಿಗೆ ತೆರಿಗೆ ಉಂಟು, ದಾವೆ ಇಲ್ಲ

ಐಪಿಎಲ್ ಶುರುವಾಯಿತೆಂದರೆ ಹುಬ್ಬಳ್ಳಿಯ ಚಹಾದಂಗಡಿಗಳಲ್ಲಿ ಓಸಿ ಮಟ್ಕಾ ಚೀಟಿಯ ಜಾಗಕ್ಕೆ ಮೊಬೈಲ್ ಬರುತ್ತದೆ. ಗೆದ್ದವರಿಗೆ ಎರಡು ಭ್ರಮೆ: ಆಟ ಅಕ್ರಮವಾದರೆ ತೆರಿಗೆ ಇಲ್ಲ, ತೆರಿಗೆ ಕಟ್ಟಿದರೆ ಆಟ ಸಕ್ರಮ. ಎರಡೂ ಸುಳ್ಳು.

2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟದ ನಿವ್ವಳ ಗೆಲುವಿಗೆ ಶೇ 30 ತೆರಿಗೆ ಇದೆ. ಹೊಸ ಖಾತೆಗೆ 40,000 ರೂ. ತುಂಬಿ 60,000 ತೆಗೆದವನ ಗೆಲುವು 20,000. ಕಂಪನಿ 6,000 ಮುರಿದುಕೊಂಡೇ ಕೊಡಬೇಕು. ಶೇ 4ರ ಸೆಸ್, ಅಂದರೆ 240 ರೂ., ಅವನೇ ಕಟ್ಟಬೇಕು. ಮಾರ್ಚ್ 31ಕ್ಕೆ ವಾಲೆಟ್‌ನಲ್ಲೇ ಉಳಿದ ಗೆಲುವೂ ಲೆಕ್ಕಕ್ಕೆ ಬರುತ್ತದೆ. ಮರುವರ್ಷ ಅಷ್ಟನ್ನೂ ಸೋತರೆ? ಆ ನಷ್ಟವನ್ನು ಸಂಬಳದಲ್ಲಿ ಕಳೆಯುವಂತಿಲ್ಲ, ಮುಂದಕ್ಕೆ ಒಯ್ಯುವಂತೆಯೂ ಇಲ್ಲ. ವಿದೇಶಿ ಆ್ಯಪ್ ತೆರಿಗೆ ಮುರಿಯದಿದ್ದರೂ ಗೆದ್ದವನ ಹೊಣೆ ತಪ್ಪದು.

ಇನ್ನು ಸಕ್ರಮದ ಮಾತು. ಆನ್‌ಲೈನ್ ಹಣದಾಟದ ಮೇಲೆ ರಾಜ್ಯ ಹೇರಿದ್ದ 2021ರ ನಿಷೇಧದ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. ಕೇಂದ್ರದ 2025ರ ಕಾಯ್ದೆಯಲ್ಲಿ ಹಣದಾಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಬರೀ ಆಡಿದವನಿಗೆ ಶಿಕ್ಷೆ ಇಲ್ಲ. ಅದು ಸರಿಯಾದದ್ದೇ, ಮನೆ ಹಾಳಾದವನನ್ನು ಮತ್ತೆ ಜೈಲಿಗೆ ತಳ್ಳಿ ಏನು ಪ್ರಯೋಜನ? ಆದರೆ 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಬಾಜಿಯ ಒಪ್ಪಂದವೇ ಅಸಿಂಧು. ಬುಕ್ಕಿ ಕೈಯೆತ್ತಿದರೆ ಧಾರವಾಡದ ಕೋರ್ಟಿನಲ್ಲಿ ವಸೂಲಿ ದಾವೆ ನಿಲ್ಲದು. ಕೈಗೆ ಬಂದದ್ದನ್ನು ಮಾತ್ರ ರಿಟರ್ನ್‌ನಲ್ಲಿ ಇತರ ಮೂಲಗಳ ಆದಾಯವೆಂದು ತೋರಿಸಲೇಬೇಕು.