ನಮ್ಮತ್ತೆ ಒಲೆ ಗೋಡೆ ಕಾಲುವೇಲಿ ಸಿಕ್ತು

ಈ ಸತಿ ಅಡುಗೆ ವಿಚಾರ ಇಲ್ಲ ಕಣ್ರವ್ವ, ಜಗಳದ ವಿಚಾರ. ಮೊದಲ ಬೈಗುಳ ನನಗೇ ಇರಲಿ, ಆಮ್ಯಾಲೆ ನಿಮಗೂ ಒಸಿ ಹಂಚ್ತೀನಿ.

ಹೋದ ವರ್ಷ ಬೇಸಿಗೇಲಿ ಪಾಂಡವಪುರದ ನಮ್ಮನೆ ಅಡುಗೆಮನೆ ಒಡೆಸಿದ್ವು. ಕೆಂಪು ಗಾರೆ ನೆಲ, ಹಸಿರು ಬಣ್ಣದ ಗೋಡೆ. ಒಲೆ ಹಿಂದಿನ ಗೋಡೆ ಮೇಲೆ ನಮ್ಮತ್ತೆ ಹಬ್ಬಹಬ್ಬಕ್ಕೂ ಅರಿಶಿನ ಕುಂಕುಮದಲ್ಲಿ ಮೂರು ಬೆರಳಿನ ಪಟ್ಟೆ ಎಳೀತಿದ್ರು. ಅವರು ಹೋದ್ಮೇಲೂ ನಾನು ಅದ್ರ ಮೇಲೆ ಬಣ್ಣ ಹೊಡೆಸಿರಲಿಲ್ಲ. ಮೂರು ದಿನ ಒಡೆದ್ರು. ಬೀದಿ ತುಂಬ ರಾಶಿ ಬಿತ್ತು. ಎದುರುಮನೆ ಅಕ್ಕ ಗೊಣಗಾಡಕ್ಕೆ ಶುರು ಮಾಡಿದ್ರು. ಮೇಸ್ತ್ರಿ, "ಟ್ರ್ಯಾಕ್ಟರ್‌ನೋನು ಅವ್ನೆ, ಲೋಡಿಗೆ 1,200 ಕೊಟ್ಬುಡಿ, ಅವ್ನೇ ಎಲ್ಲಾದ್ರೂ ಹಾಕ್ಕತ್ತಾನೆ" ಅಂದ. ನಾನೇ ಫೋನಿಂದ ದುಡ್ಡು ಕಳಿಸ್ದೆ. ‘ಎಲ್ಲಾದ್ರೂ’ ಅಂದ್ರೆ ಎಲ್ಲಿ ಅಂತ ಒಂದು ಮಾತು ಕೇಳಲಿಲ್ಲ.

ಗೌರಿ ಹಬ್ಬದ ಬೆಳಗ್ಗೆ ಗಂಗೆ ತರಕ್ಕೆ ಅಂತ ಕಳಸ ಹಿಡ್ಕಂಡು ನಾವು ನಾಕು ಜನ ಹೆಂಗಸರು ಊರಾಚೆ ಕಾಲುವೆಗೆ ಹೋದ್ವು. ಮೆಟ್ಟಿಲ ಪಕ್ಕದಲ್ಲೇ ಗಾರೆ ಗುಡ್ಡೆ. ಅದ್ರಲ್ಲೊಂದು ಹೆಂಟೆ ಹಸಿರು ಬಣ್ಣದ್ದು, ಮೇಲೆ ಮೂರು ಪಟ್ಟೆ. ಅರ್ಧ ನೀರೊಳಗೆ, ಅರ್ಧ ಆಚೆ. ಪಕ್ಕದಲ್ಲಿದ್ದ ನಮ್ಮ ನಾದಿನಿ ನನ್ನ ಮುಖ ನೋಡಿದ್ಲು, ಏನೂ ಅನ್ನಲಿಲ್ಲ. ಅಂದಿದ್ರೇ ಎಷ್ಟೋ ವಾಸಿ ಆಗ್ತಿತ್ತು.

ಅಷ್ಟಕ್ಕೇ ಮುಗೀಲಿಲ್ಲ. ಆ ಕಾಲುವೆ ಕೊನೇಲಿ ನಮ್ಮ ಚಿಕ್ಕತ್ತೆದು ಅರ್ಧ ಎಕರೆ ಗದ್ದೆ ಅದೆ. ನಾಟಿ ಆಗಿ ತಿಂಗಳಾಗಿತ್ತು, ನೀರು ಬರ್ತಿರಲಿಲ್ಲ. ಮೇಲಿನೋರು ಕಟ್ಕಂಡವ್ರೆ ಅಂತ ದಿನಾ ಮೇಲಿನ ಗದ್ದೆಯೋರ ಮೇಲೆ ಕೂಗಾಡ್ತಿದ್ರು. ಕಟ್ಟಿದ್ದು ಅವರಲ್ಲ, ನಮ್ಮನೆ ಗೋಡೆ.

ಈಗ ನಿಮ್ಮ ಸರದಿ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಯಾವ ದಿಕ್ಕಿಗೆ ಹೋದ್ರೂ ಕೆರೆ ಏರಿ ಕೆಳಗೆ, ನಾಲೆ ಪಕ್ಕ, ಸೇತುವೆ ಬುಡದಲ್ಲಿ ಟೈಲ್ಸ್ ಚೂರು, ಇಟ್ಟಿಗೆ ಚೂರು ಬಿದ್ದವೆ. ಅವೇನು ಆಕಾಶದಿಂದ ಉದುರಿದ್ವಾ? ಒಂದೊಂದು ಚೂರೂ ಯಾರೋ ಒಬ್ಬಾಕೆ ಅಡುಗೆಮನೇದೋ ಬಚ್ಚಲುಮನೇದೋ. ಹೊಸ ಟೈಲ್ಸ್ ಬಣ್ಣ ಆರಿಸಕ್ಕೆ ಮೈಸೂರಿಗೆ ಮೂರು ಸತಿ ಹೋಗಿಬತ್ತೀವಿ. ಹಳೇದು ಎಲ್ಲಿಗೆ ಹೋಯ್ತದೆ ಅಂತ ಕೇಳಕ್ಕೆ ಮೂರು ನಿಮಿಷ ಇಲ್ಲ ನಮಗೆ.

"ಮಣ್ಣು ತಾನೆ, ಮಣ್ಣಿಗೆ ಸೇರ್ತದೆ ಬುಡು" ಅಂತಾರೆ ದೊಡ್ಡೋರು. ಅವರ ಕಾಲಕ್ಕೆ ಆ ಮಾತು ನಿಜ. ಮಣ್ಣಿನ ಗೋಡೆ ಬಿದ್ರೆ ಆ ಹಾಳು ಮಣ್ಣನ್ನ ಗಾಡೀಲಿ ಹೇರಿ ಹೊಲಕ್ಕೇ ಹಾಕೋರು, ತೊಲೆ, ಜಂತೆ, ಹೆಂಚು ಕೊಟ್ಟಿಗೆಗೆ ಹೋಗವು. ಬಿಸಾಕೋದು ಅಂತ ಏನೂ ಉಳೀತಿರಲಿಲ್ಲ. ಈಗ ನಾವು ಒಡೆಯೋದು ಸಿಮೆಂಟು, ಟೈಲ್ಸು, ಪ್ಲಾಸ್ಟಿಕ್ ಪೈಪು. ಇವು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮಣ್ಣಾಗಕ್ಕಿಲ್ಲ. ಹಳೇ ಸಿಮೆಂಟ್ ಶೀಟು ಇದ್ರಂತೂ ಸುತ್ತಿಗೇಲಿ ಕುಟ್ಟಿಸಬ್ಯಾಡಿ, ಇಡಿಯಾಗೇ ಇಳಿಸಿ. ಅದ್ರಲ್ಲಿ ಕಲ್ನಾರು ಇರ್ತದೆ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

"ಒಂದು ಗೋಡೆ ತಾನೆ" ಅನ್ನೋರಿಗೆ ಲೆಕ್ಕ ಹೇಳ್ತೀನಿ. 10 ಅಡಿ ಉದ್ದ, 10 ಅಡಿ ಎತ್ತರ, 9 ಇಂಚು ದಪ್ಪದ ಇಟ್ಟಿಗೆ ಗೋಡೆ 75 ಘನ ಅಡಿ. ತೂಕ ಹತ್ತತ್ರ 4 ಟನ್ನು. ಒಡೆದ್ಮೇಲೆ ಸಡಿಲಾಗಿ ಇನ್ನೂ ಉಬ್ಬಿ, ಒಂದು ಟ್ರೇಲರ್ ತುಂಬ್ತದೆ. ಒಂದು ಸಣ್ಣ ಕಾಲುವೆ ಕಟ್ಟಕ್ಕೆ ಅಷ್ಟು ಸಾಕಲ್ವಾ?

ಅಮೇರಿಕಾದಲ್ಲಿರೋ ನಮ್ಮ ಚಿಕ್ಕಪ್ಪನ ಮಗಳೂ ಅಡುಗೆಮನೆ ಒಡೆಸಿದ್ಲು. ಅಲ್ಲಿ ಡಂಪ್‌ಸ್ಟರ್ ಅಂತ ದೊಡ್ಡ ಕಬ್ಬಿಣದ ತೊಟ್ಟಿ ಬಾಡಿಗೆಗೆ ತಂದು ಮನೆ ಮುಂದೆ ಮಡಗ್ತಾರೆ. 10 ಗಜದ್ದು ಅಂದ್ರೆ 270 ಘನ ಅಡಿ. ದೊಡ್ಡ ಊರುಗಳಲ್ಲಿ ಬೀದೀಲಿ ಮಡಗಬೇಕಾದ್ರೆ ನಗರಸಭೆ ಪರವಾನಗಿ ಬೇಕು, ಹೇಳಿದ ತೂಕಕ್ಕಿಂತ ಜಾಸ್ತಿ ತುಂಬಿದ್ರೆ ಮೇಲೆ ದುಡ್ಡು. ಬಾಡಿಗೆ ಕೇಳಿ ನಾನು ಬಾಯಿ ಬಿಟ್ಟೆ. ಅವಳು, "ಅಕ್ಕ, ನಿನಗೆ ಅಗ್ಗ ಯಾಕಾಯ್ತು ಗೊತ್ತಾ? ಬಾಕಿ ದುಡ್ಡ ನಿಮ್ಮ ಚಿಕ್ಕತ್ತೆ ಕೊಟ್ಟವ್ರೆ" ಅಂದ್ಲು. ನನಗೆ ಮಾತು ಹೊರಡಲಿಲ್ಲ.

ನಮ್ಮಲ್ಲಿ ಕಾನೂನಿಲ್ಲ ಅನ್ಕಬ್ಯಾಡಿ. ಕಟ್ಟಡ ಒಡೆದ ಕಸಕ್ಕೇ ಅಂತ ಕೇಂದ್ರ ಸರ್ಕಾರ 2016ರ ಮಾರ್ಚಿನಲ್ಲಿ ಬೇರೆ ನಿಯಮ ಮಾಡಿತು. ಒಡೆಸಿದೋರೇ ಮೊದಲ ಜವಾಬ್ದಾರರು, ಕಾಂಕ್ರೀಟು, ಮಣ್ಣು ಎಲ್ಲ ಬೇರೆ ಬೇರೆ ಮಾಡಿ ಮಡಗಬೇಕು, ಮೋರಿಗೂ ದಾರಿಗೂ ಅಡ್ಡ ಹಾಕಂಗಿಲ್ಲ ಅಂತ ಅದ್ರಲ್ಲಿ ಇತ್ತು. ಶೇಖರಿಸಕ್ಕೆ ಜಾಗ ತೋರಿಸೋದು ಊರಿನ ಆಡಳಿತದ ಕೆಲಸ ಅಂತಾನೂ ಇತ್ತು. ನಾನು ಕೇಳಕ್ಕೆ ಹೋದ ಕಚೇರೀಲಿ, "ಅಮ್ಮ, ಎಲ್ರೂ ಎಲ್ಲಾದ್ರೂ ಹಾಕ್ತಾರೆ" ಅಂದ್ರು. ಅಲ್ಲೂ ಅದೇ ‘ಎಲ್ಲಾದ್ರೂ’! ಜಾಗ ತೋರಿಸದೆ ಹೋದ್ರೆ ಅವರ ತಪ್ಪು, ಒಪ್ಪಿದೆ. ಆದ್ರೆ ಅವರು ಜಾಗ ತೋರಿಸಲಿಲ್ಲ ಅಂತ ಚಿಕ್ಕತ್ತೆ ಗದ್ದೆ ನೀರು ಕಟ್ಟೋ ಹಕ್ಕು ನಮಗೆ ಎಲ್ಲಿಂದ ಬಂತು?

ನಾನು ಕೊನೆಗೆ ಮಾಡಿದ್ದು ಇಷ್ಟು. ಇಬ್ಬರು ಆಳು, ಒಂದು ಟ್ರ್ಯಾಕ್ಟರ್ ಹಿಡಿದು ಗುಡ್ಡೆ ಎತ್ತಿಸ್ದೆ. ಪಕ್ಕದ ಬೀದೀಲಿ ಹೊಸ ಮನೆ ಕಟ್ಟೋರು ಅಡಿಪಾಯ ತುಂಬಕ್ಕೆ ಮಣ್ಣು ಹುಡುಕ್ತಿದ್ರು, ಇಟ್ಟಿಗೆ ಗಾರೆ ಚೂರೆಲ್ಲ ಖುಷಿಯಾಗಿ ಹಾಕಿಸ್ಕಂಡ್ರು. ಒಡೆಯೋಕೆ ಮುಂಚೆ ನಾಕು ಮನೆ ಕೇಳಿದ್ರೆ ಇದೇ ಕೆಲಸ ಒಂದೇ ಬಾಡಿಗೇಲಿ ಮುಗೀತಿತ್ತು. ಈಗ ಎರಡು ಬಾಡಿಗೆ, ಮೇಲೆ ಚಿಕ್ಕತ್ತೆ ಪೈರು ಅಲ್ಲಲ್ಲಿ ಒಣಗಿದ್ದು. ಆ ನಷ್ಟ ಕಟ್ಟಿಕೊಡ್ತೀನಿ ಅಂದ್ರೆ ಅವರು ಬೇಡ ಅಂದ್ರು. ಆದ್ರೆ ಆ ವರ್ಷ ಹೊಸಕ್ಕಿ ಕಳಿಸಲಿಲ್ಲ.

ಅದ್ಕೆ ಹೇಳ್ತಾವ್ನಿ. ಸುತ್ತಿಗೆ ಏಟು ಬೀಳೋಕೆ ಮುಂಚೆ ಬಾಗಿಲು, ಕಿಟಕಿ, ಹೆಂಚು ತೆಗೆಸಿ ಮಾರಿ, ಇಲ್ಲ ಬೇಕಾದೋರಿಗೆ ಕೊಡಿ. ಇಡಿ ಇಟ್ಟಿಗೆ ಬೇರೆ ಮಡಗಿ. ಅಡಿಪಾಯ ತುಂಬೋರು ಯಾರವ್ರೆ ಅಂತ ವಿಚಾರಿಸಿ. ಲೋಡು ಇಳಿಸೋ ಜಾಗ ಮೊದಲು ನೋಡ್ಕಂಡು ಬನ್ನಿ, ಇಳಿಸಿದ ಮೇಲೆ ಫೋಟೋ ಬಂದ್ರೆ ಮಾತ್ರ ಪೂರ್ತಿ ದುಡ್ಡು. ನಾಲ್ಕೂ ತಾಲ್ಲೂಕಿನ ಊರಾಡಳಿತದೋರು ಒಂದೊಂದು ಜಾಗ ಗುರುತು ಮಾಡಿ ಬೋರ್ಡು ಹಾಕಲಿ. ಸಂಘದ ಸಭೆ ಇದ್ದಾಗ ಅರ್ಜಿ ಬರೆಯೋಣ, ಮೊದಲ ಸಹಿ ನನ್ನದು.

ಆ ಮೂರು ಪಟ್ಟೆ ಹೆಂಟೆ ಮಾತ್ರ ಅಡಿಪಾಯಕ್ಕೆ ಹಾಕಲಿಲ್ಲ. ತೊಳೆದು ಹಿತ್ತಿಲಲ್ಲಿ ತುಳಸಿ ಪಕ್ಕ ಮಡಗಿದ್ದೀನಿ. ಮನೆಗೆ ಬಂದೋರು ಅದೇನು ಅಂತ ಕೇಳ್ತಾರೆ. ಕೇಳಿದೋರಿಗೆಲ್ಲ ಪೂರ್ತಿ ಕತೆ ಹೇಳ್ತೀನಿ, ನನ್ನ ತಪ್ಪೂ ಸೇರಿಸಿ.