ಗಾಲ್ಫ್ ಗಾಡಿಯ ರಿಪೇರಿ ಖರ್ಚು

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಪೀಚ್‌ಟ್ರೀ ಸಿಟಿ ಎಂಬ ಊರಿದೆ. ಗಾಲ್ಫ್ ಗಾಡಿಗಳು ಓಡಾಡುವ ಕಿರುದಾರಿಗಳೇ ಅಲ್ಲಿ ಸುಮಾರು 160 ಕಿಲೋಮೀಟರ್ ಉದ್ದ ಇವೆ. ಅಂಗಡಿಗೆ, ಮೈದಾನಕ್ಕೆ, ಕೊನೆಗೆ ಹೈಸ್ಕೂಲಿಗೂ ಜನ ಈ ಪುಟ್ಟ ಗಾಡಿಯಲ್ಲೇ ಹೋಗುತ್ತಾರೆ. ಇಂಥ ಊರಿನಲ್ಲಿ ಗಾಡಿ ಕೆಟ್ಟರೆ ಅದು ಶ್ರೀಮಂತರ ಆಟದ ಮಾತಲ್ಲ, ಮನೆಯ ತಿಂಗಳ ಲೆಕ್ಕದ ಮಾತು.

ಪೆಟ್ರೋಲಿನ ಗಾಡಿಗಳೂ ಉಂಟು. ಆದರೆ ವಿದ್ಯುತ್ ಗಾಡಿಯ ಲೆಕ್ಕವೇ ಹೆಚ್ಚು ಸ್ವಾರಸ್ಯಕರ. ಪೆಡಲ್ ಒತ್ತಿದಾಗ ಮೋಟಾರಿಗೆ ವಿದ್ಯುತ್ ಹರಿಯಬಿಡುವ ಸೊಲೆನಾಯ್ಡ್ ಸ್ವಿಚ್ಚಿನ ಬೆಲೆ ಸಾಮಾನ್ಯವಾಗಿ ನೂರು ಡಾಲರಿನೊಳಗೆ. ವೇಗ ನಿಯಂತ್ರಿಸುವ ಕಂಟ್ರೋಲರಿಗೆ ಕೆಲವು ನೂರು. ಮೆಕ್ಯಾನಿಕ್‌ನ ಕೂಲಿ ಗಂಟೆಗೆ ನೂರು ಡಾಲರಿನ ಆಸುಪಾಸು. ಸೀಸ-ಆಮ್ಲದ ಆರು ಬ್ಯಾಟರಿಗಳ ಪೂರ್ತಿ ಸೆಟ್ ಎಂದರೆ ಮಾತ್ರ ಸುಮಾರು ಸಾವಿರ ಡಾಲರ್, ಕೆಲವೊಮ್ಮೆ ಇನ್ನೂ ಹೆಚ್ಚು. ಆದ್ದರಿಂದ ‘ಬ್ಯಾಟರಿ ಹೋಗಿದೆ’ ಎಂದು ಯಾರಾದರೂ ಹೇಳಿದರೆ, ಹಣ ತೆಗೆಯುವ ಮೊದಲು ಪರೀಕ್ಷೆ ಮಾಡಿಸಬೇಕು.

ವಿದ್ಯಾರ್ಥಿಗಳು ಒಂದು ಲೆಕ್ಕ ಹಾಕಿ ನೋಡಲಿ. ಏರು ಹತ್ತುವ ಗಾಡಿ 200 ಆಂಪಿಯರ್ ಪ್ರವಾಹ ಎಳೆಯುತ್ತಿದೆ ಎನ್ನಿ. ಬ್ಯಾಟರಿಯ ತುದಿಯಲ್ಲಿ ಕಿಲುಬು ಹಿಡಿದ ಒಂದು ಜೋಡಣೆಯ ರೋಧ ಕೇವಲ 0.01 ಓಮ್. ಓಮನ ನಿಯಮದಂತೆ ಅಲ್ಲಿಯೇ 2 ವೋಲ್ಟ್ ನಷ್ಟ. ಶಾಖವಾಗಿ ಹೋಗುವುದು 400 ವಾಟ್. ಹೆಚ್ಚುಕಡಿಮೆ ಅರ್ಧ ಇಸ್ತ್ರಿಪೆಟ್ಟಿಗೆ ಉರಿದಂತೆ! ಗಾಡಿ ಏದುಸಿರು ಬಿಡುತ್ತದೆ, ಯಜಮಾನ ಬ್ಯಾಟರಿಯನ್ನು ಬೈಯುತ್ತಾನೆ. ಆ ತುದಿಯನ್ನು ಉಜ್ಜಿ, ತಂತಿಯನ್ನು ಬಿಗಿ ಮಾಡಿದರೆ ಮುಗಿಯುವ ಕೆಲಸ ಅದು.

ಬ್ಯಾಟರಿಗಳೇ ಸೋತಿದ್ದರೂ ಆರೂ ಸೋತಿರಬೇಕೆಂದಿಲ್ಲ. ಅವು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ಸೊರಗಿದರೆ ಇಡೀ ಸಾಲು ಸೊರಗಿದಂತೆ ಕಾಣುತ್ತದೆ. ಗಾಡಿ ಓಡುತ್ತಿರುವಾಗ ಒಂದೊಂದರ ವೋಲ್ಟನ್ನೂ ಅಳೆದರೆ ಕಳ್ಳ ಸಿಕ್ಕಿಬೀಳುತ್ತಾನೆ. ಸೆಟ್ ಹೊಸದಾಗಿದ್ದರೆ ಅದೊಂದನ್ನೇ ಬದಲಿಸಬಹುದು. ಐದಾರು ವರ್ಷ ದುಡಿದ ಸೆಟ್ಟಿಗೆ ಒಂದು ಹೊಸದನ್ನು ಸೇರಿಸುವುದು ದಂಡ. ಹಳೆಯವುಗಳ ಜೊತೆ ಅದೂ ಬೇಗ ಮುದಿಯಾಗುತ್ತದೆ.

ಅಕಾಲದಲ್ಲಿ ಸೆಟ್ ಸಾಯುವುದಕ್ಕೆ ಕಾರಣ ಬಹುಮಟ್ಟಿಗೆ ಅಲಕ್ಷ್ಯ. ಚಾರ್ಜ್ ಆಗುವಾಗ ಬ್ಯಾಟರಿಯ ನೀರು ಸ್ವಲ್ಪ ಸ್ವಲ್ಪವೇ ಜಲಜನಕ ಮತ್ತು ಆಮ್ಲಜನಕವಾಗಿ ಒಡೆದು ಹೋಗುತ್ತದೆ. ಮಟ್ಟ ಇಳಿದು ಸೀಸದ ಫಲಕಗಳು ಗಾಳಿಗೆ ತೆರೆದುಕೊಂಡರೆ ಆ ಭಾಗ ಮತ್ತೆ ಕೆಲಸಕ್ಕೆ ಬಾರದು. ಚಾರ್ಜ್ ಮಾಡದೆ ತಿಂಗಳುಗಟ್ಟಲೆ ನಿಲ್ಲಿಸಿದರೂ ಕೇಡೇ: ಫಲಕದ ಮೇಲಿನ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತದೆ. ಲಿಥಿಯಂ ಬ್ಯಾಟರಿಗೆ ನೀರಿನ ಗೊಡವೆಯಿಲ್ಲ, ಆದರೆ ಬೆಲೆ ಹೆಚ್ಚು.

ನಮ್ಮ ಎಷ್ಟೋ ಮನೆಗಳ ಇನ್‌ವರ್ಟರಿನಲ್ಲಿರುವುದೂ ಇದೇ ಸೀಸ-ಆಮ್ಲದ ಬ್ಯಾಟರಿ. ಅದಕ್ಕೂ ಬೇಕಾದದ್ದು ಬಟ್ಟಿ ಇಳಿಸಿದ ನೀರು. ನಲ್ಲಿಯ ನೀರಿನ ಲವಣಗಳು ಫಲಕಕ್ಕೆ ಶತ್ರು. ಮುಚ್ಚಳ ತೆರೆಯುವ ಕೆಲಸ ಹಿರಿಯರದು. ಮಟ್ಟ ಕಾಣಲಿಲ್ಲವೆಂದು ಬೆಂಕಿಕಡ್ಡಿ ಗೀರಬಾರದು, ಟಾರ್ಚ್ ಹಿಡಿಯಬೇಕು. ಅಲ್ಲಿರುವುದು ಜಲಜನಕ.